ಮಗಳಿಗೊಂದು ಪತ್ರ: ಚಳಿಗಾಲದ ಚಕ್ರ ನೀನೇ ಹಾಕುವಾಗ

ಪ್ರೀತಿಯ ಪುಟ್ಟಿ,

ಈ ಸಲ ಚಳಿಗಾಲದ ಚಕ್ರಗಳನ್ನು ಮನೆಯಲ್ಲೇ, ನೀನೇ ಬದಲಾಯಿಸುತ್ತೇನೆ ಅಂದೆಯಲ್ಲ, ನನಗೆ ತುಂಬಾ ಖುಷಿಯಾಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕೆಲಸ ಅಷ್ಟೇನೂ ಕಷ್ಟ ಇಲ್ಲ. ಬಲವೂ ನೀನು ಅಂದುಕೊಂಡಷ್ಟು ಬೇಡ. ಆದರೆ ಅವಸರ ಮಾತ್ರ ಕೂಡದು. ಚಕ್ರ ಹಬ್ ಮೇಲೆ, ಅಂದರೆ ಕಾರಿನ ಕಡೆ ಚಕ್ರ ಕೂರುವ ಲೋಹದ ತಟ್ಟೆಯ ಮೇಲೆ, ಚೊಕ್ಕಟವಾಗಿ ಕೂರಬೇಕು, ನಟ್‌ಗಳು ಸರಿಯಾದ ಬಿಗಿಯಲ್ಲಿರಬೇಕು. ಈ ಎರಡು ನೆಟ್ಟಗಿದ್ದರೆ ಚಕ್ರದ ಬಗ್ಗೆ ನನಗೆ ಚಿಂತೆಯೇ ಇಲ್ಲ.

ಯಾವಾಗ ಹಾಕಬೇಕು ಅಂತ ನೀನು ಕೇಳಿದ್ದೆ. ಮೊದಲ ಹಿಮ ಬೀಳಲಿ ಅಂತ ಕಾಯಬೇಡ. ಚಳಿ ಹೆಚ್ಚಿದಂತೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗುತ್ತದೆ, ರಸ್ತೆ ಹಿಡಿಯುವ ಶಕ್ತಿ ಕಮ್ಮಿಯಾಗುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್ ಅನ್ನುವುದು ಬಹಳ ಕಾಲದಿಂದ ಎಲ್ಲರೂ ಇಟ್ಟುಕೊಂಡಿರುವ ಅಂದಾಜು. ಬೆಳಗಿನ ಹೊತ್ತು ದಿನಾ ಅದಕ್ಕಿಂತ ಕೆಳಗೆ ಇಳಿಯಲು ಶುರುವಾದರೆ ಬದಲಾಯಿಸುವ ಕಾಲ ಬಂತು ಅಂತ ತಿಳಿ. ಚಳಿಗಾಲದ ಟೈರಿನ ರಬ್ಬರ್ ಕೊರೆಯುವ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಅದರ ಮೈ ನೋಡು, ಪ್ರತಿ ಉಬ್ಬಿನ ಮೇಲೂ ಕೂದಲೆಳೆಯಂಥ ಸೀಳುಗಳು ಇರುತ್ತವೆ. ಟೈರ್ ಉರುಳುವಾಗ ಆ ಸೀಳುಗಳು ಬಾಯಿ ಬಿಟ್ಟು ಹಿಮವನ್ನು ಕಚ್ಚುತ್ತವೆ. ದೊಡ್ಡ ಕಾಲುವೆಗಳಲ್ಲಿ ಹಿಮ ತುಂಬಿಕೊಂಡರೂ ಒಳ್ಳೆಯದೇ, ಯಾಕೆಂದರೆ ಹಿಮ ಹಿಮಕ್ಕೆ ಚೆನ್ನಾಗಿ ಅಂಟುತ್ತದೆ. ಇದೇನೂ ನಿನ್ನೆ ಮೊನ್ನೆಯ ವಿದ್ಯೆ ಅಲ್ಲ. ಫಿನ್ಲೆಂಡಿನ ಈಗಿನ ನೋಕಿಯನ್ ಟೈರ್ಸ್ ಕಂಪನಿ ಹಿಮದಲ್ಲಿ ಓಡುವ ಲಾರಿಗಳಿಗಾಗಿ 1934ರಲ್ಲೇ ಚಳಿಗಾಲದ ಟೈರ್ ಮಾಡಿತ್ತು.

ನಾಲ್ಕೂ ಚಕ್ರಗಳಿಗೂ ಚಳಿಗಾಲದ್ದೇ ಹಾಕು. ಎಂಜಿನ್ ಎಳೆಯುವ ಎರಡಕ್ಕೆ ಸಾಕು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಮುಂದೆ ಮಾತ್ರ ಹಿಡಿತ ಇದ್ದು ಹಿಂದೆ ಇಲ್ಲದಿದ್ದರೆ, ತಿರುವಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿ ಗಾಡಿ ಸುತ್ತಿಬಿಡುತ್ತದೆ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಇರುವ ಕಾರಿಗೂ ಇದೇ ಮಾತು. ಆ ಬಲ ಹೊರಡುವುದಕ್ಕೆ ಸಹಾಯ ಮಾಡುತ್ತದೆ, ನಿಲ್ಲುವುದಕ್ಕೆ ಅಲ್ಲ. ನಿಲ್ಲಿಸುವುದು ಟೈರೇ.

ಹಾಕುವ ಮೊದಲು ಟೈರನ್ನು ಒಮ್ಮೆ ಓದು. ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇರಬೇಕು. ಹಿಮದಲ್ಲಿ ಪರೀಕ್ಷೆಯಾಗಿ ಪಾಸಾದ ಟೈರಿಗೆ ಮಾತ್ರ ಆ ಗುರುತು ಸಿಗುತ್ತದೆ. ಬರೀ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಅಂತ ಇದ್ದರೆ ಅದು ತಯಾರಕರು ತಾವೇ ಹಾಕಿಕೊಳ್ಳುವ ಗುರುತು, ಅದನ್ನು ನೆಚ್ಚಿಕೊಳ್ಳಬೇಡ. ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನ ಹೇಳುತ್ತವೆ. 3522 ಅಂತಿದ್ದರೆ 2022ರ 35ನೇ ವಾರ. ಆಮೇಲೆ ಕಾಲುವೆಯ ಆಳ ಅಳೆದು ನೋಡು. ಬಹಳಷ್ಟು ದೇಶಗಳ ಕಾನೂನು 1.6 ಮಿಲಿಮೀಟರ್ ಸಾಕು ಅನ್ನುತ್ತದೆ. ಹಿಮಕ್ಕೆ ಅದು ಏನೇನೂ ಸಾಲದು. ಸವೆದು 4 ಮಿಲಿಮೀಟರಿಗಿಂತ ಕಮ್ಮಿ ಉಳಿದಿದ್ದರೆ ಆ ಟೈರ್ ನಿನ್ನ ಕಾರಿಗೆ ಬೇಡ, ಅದರಲ್ಲಿ ನಾನು ರಾಜಿ ಇಲ್ಲ.

ಚಳಿಗಾಲದ ಟೈರುಗಳನ್ನು ಬೇರೆ ರಿಮ್ ಮೇಲೇ, ಅಂದರೆ ಚಕ್ರದ ಲೋಹದ ಭಾಗದ ಮೇಲೆ, ಕೂರಿಸಿ ಇಟ್ಟುಕೊಂಡಿದ್ದೀಯಲ್ಲ, ಅದು ಒಳ್ಳೆಯ ಕೆಲಸ. ಒಂದೇ ರಿಮ್‌ಗೆ ವರ್ಷಕ್ಕೆ ಎರಡು ಸಲ ಟೈರ್ ಬಿಚ್ಚಿ ಹಾಕಿದರೆ ಟೈರಿನ ಅಂಚಿಗೂ ಪೆಟ್ಟು, ಮತ್ತೆ ಅದು ಮನೆಯಲ್ಲಿ ಆಗುವ ಕೆಲಸವೂ ಅಲ್ಲ. ಆದರೆ ಬೇರೆ ರಿಮ್ ಅಂದಮೇಲೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಬೇಕು. ನಟ್ ಅಥವಾ ಬೋಲ್ಟ್ ರಿಮ್‌ಗೆ ತಾಗುವ ಜಾಗ ಕೆಲವಕ್ಕೆ ಆಲಿಕೆಯ ಹಾಗೆ ಓರೆ ಇರುತ್ತದೆ, ಕೆಲವಕ್ಕೆ ಗುಂಡಗೆ, ಕೆಲವಕ್ಕೆ ಚಪ್ಪಟೆ. ಅಲಾಯ್ ರಿಮ್‌ನ ಬೋಲ್ಟ್ ಕಬ್ಬಿಣದ ರಿಮ್‌ಗೆ ಹೊಂದದೇ ಇರಬಹುದು, ಉದ್ದವೂ ಬೇರೆ ಇರಬಹುದು. ಆಕಾರ ಹೊಂದದಿದ್ದರೆ ಎಷ್ಟು ಬಿಗಿದರೂ ಅದು ನಿಜವಾಗಿ ಹಿಡಿಯುವುದಿಲ್ಲ. ಆ ರಿಮ್‌ಗೆ ಅಂತಲೇ ಬಂದ ನಟ್ ಬೋಲ್ಟ್ ಬೇರೆ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡು.

ಈಗ ಕೆಲಸಕ್ಕೆ ಬರೋಣ. ನೆಲ ಗಟ್ಟಿ ಇರಬೇಕು, ಸಮ ಇರಬೇಕು. ಮಣ್ಣು, ಜಲ್ಲಿ, ಇಳಿಜಾರು ಯಾವುದೂ ಬೇಡ. ಹ್ಯಾಂಡ್ ಬ್ರೇಕ್ ಎಳೆ, ಗೇರ್ ಮೊದಲನೆಯದರಲ್ಲಿ ಇಡು, ಆಟೋಮ್ಯಾಟಿಕ್ ಆದರೆ ಪಾರ್ಕಿಂಗ್‌ನಲ್ಲಿ. ಎತ್ತುವ ಚಕ್ರಕ್ಕೆ ಕರ್ಣದಲ್ಲಿ ಎದುರಿರುವ ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಡು. ಕಾರಿನೊಳಗೆ ಯಾರೂ ಕೂತಿರಬಾರದು. ಲಾಕ್ ಇರುವ ನಟ್ ಇದ್ದರೆ ಅದರ ಕೀಲಿ ಡಿಕ್ಕಿಯಲ್ಲಿದೆಯಾ ಅಂತ ಹಿಂದಿನ ದಿನವೇ ನೋಡಿಕೋ.

ಕಾರು ನೆಲದ ಮೇಲಿರುವಾಗಲೇ ನಟ್‌ಗಳನ್ನು ಸಡಿಲ ಮಾಡಬೇಕು. ಅರ್ಧ ಸುತ್ತು ಸಾಕು, ಬಿಚ್ಚಬೇಡ. ಎತ್ತಿದ ಮೇಲೆ ಜೋರಾಗಿ ಎಳೆದರೆ ಚಕ್ರ ತಿರುಗುತ್ತದೆ, ಅದಕ್ಕಿಂತ ಹೆಚ್ಚಾಗಿ ಕಾರೇ ಜ್ಯಾಕ್ ಮೇಲಿಂದ ಜಾರಬಹುದು. ಇದಕ್ಕೆ ಉದ್ದ ಹಿಡಿಯ ಸ್ಪ್ಯಾನರ್ ಬಳಸು. ಬಿಗಿಯುವಾಗ ಟಾರ್ಕ್, ಅಂದರೆ ತಿರುಗಿಸುವ ಬಲ, ಅಳೆಯುವ ಟಾರ್ಕ್ ರೆಂಚ್‌ನಿಂದ ಬಿಚ್ಚಬೇಡ, ಅದರ ಅಳತೆ ಕೆಡುತ್ತದೆ.

ಜ್ಯಾಕ್ ಇಡುವ ಜಾಗ ಮ್ಯಾನ್ಯುಯಲ್‌ನಲ್ಲಿ ಚಿತ್ರ ಸಮೇತ ಇರುತ್ತದೆ. ಬಾಗಿಲ ಕೆಳಗಿನ ಅಂಚಿನಲ್ಲಿ, ಚಕ್ರದ ಹತ್ತಿರ, ಸಾಮಾನ್ಯವಾಗಿ ಒಂದು ಗುರುತು ಇದ್ದೇ ಇರುತ್ತದೆ. ಅಲ್ಲಿ ತಗಡು ದಪ್ಪ. ಬೇರೆ ಕಡೆ ಕೊಟ್ಟರೆ ಬಾಗಿಹೋಗುತ್ತದೆ. ಎಲೆಕ್ಟ್ರಿಕ್ ಕಾರಾದರೆ ಇನ್ನೂ ಹುಷಾರು. ಅದರ ಹೊಟ್ಟೆಯ ತುಂಬಾ ಬ್ಯಾಟರಿ ಇರುತ್ತದೆ, ಜ್ಯಾಕ್ ಅದಕ್ಕೆ ತಾಗಲೇಬಾರದು. ಗಾಳಿ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ಕಾರು ತಾನೇ ಎತ್ತರ ಬದಲಿಸದಂತೆ ಎತ್ತುವ ಮುಂಚೆ ಜ್ಯಾಕ್ ಮೋಡ್ ಆನ್ ಮಾಡಬೇಕಾಗುತ್ತದೆ. ಟೈರ್ ನೆಲದಿಂದ ಸ್ವಲ್ಪ ಮೇಲೆ ಬಂದರೆ ಸಾಕು. ಜ್ಯಾಕ್ ಎತ್ತುವುದಕ್ಕೆ ಇರುವುದು, ಹೊತ್ತು ನಿಲ್ಲುವುದಕ್ಕಲ್ಲ. ಅದಕ್ಕೇ ಕಾರಿನ ಭಾರ ಹೊರುವ ಸ್ಟ್ಯಾಂಡ್ ಇಡು. ಸ್ಟ್ಯಾಂಡ್ ಇದ್ದರೂ ನಿನ್ನ ಕೈ ಕಾಲು ತಲೆ ಯಾವುದೂ ಕಾರಿನ ಕೆಳಗೆ ಹೋಗಬಾರದು. ಇದೊಂದನ್ನು ಮಾತ್ರ ಅಮ್ಮ ಸುಮ್ನೆ ಹೇಳುತ್ತಾಳೆ ಅಂದುಕೊಳ್ಳಬೇಡ ಕಣೆ.

ನಟ್ ಎಲ್ಲ ತೆಗೆದರೂ ಚಕ್ರ ಕದಲದೇ ಇರಬಹುದು. ಅಲಾಯ್ ರಿಮ್ ಮತ್ತು ಕಬ್ಬಿಣದ ಹಬ್ ನಡುವೆ ತುಕ್ಕು ಕಟ್ಟಿ ಎರಡೂ ಒಂದಾಗಿಬಿಟ್ಟಿರುತ್ತವೆ. ರಸ್ತೆಗೆ ಉಪ್ಪು ಹಾಕುವ ಕಡೆ ಇದು ಜಾಸ್ತಿ. ಆಗ ಒಂದೆರಡು ನಟ್ ವಾಪಸ್ ಸಡಿಲವಾಗಿ ಹಾಕು. ಕಾರು ಸ್ಟ್ಯಾಂಡ್ ಮೇಲೆ ಭದ್ರವಾಗಿದೆಯಾ ನೋಡಿಕೊಂಡು, ಅಂಗೈಯಿಂದ ಟೈರಿಗೆ ಒಮ್ಮೆ ಈ ಪಕ್ಕಕ್ಕೆ ಒಮ್ಮೆ ಆ ಪಕ್ಕಕ್ಕೆ ಗುದ್ದು. ಚಕ್ರ ಬಿಟ್ಟುಕೊಂಡರೂ ನಟ್ ಹಿಡಿದುಕೊಂಡಿರುತ್ತದೆ, ಮೈಮೇಲೆ ಬೀಳುವುದಿಲ್ಲ. ಒಂದು ಚಕ್ರ ಸುಮಾರು 20 ಕೆಜಿ ಇರುತ್ತದೆ, ಬೆನ್ನು ಬಗ್ಗಿಸಿ ಎತ್ತಬೇಡ, ಕೂತು ಎತ್ತು.

ಚಕ್ರ ಹೊರಗೆ ಬಂದಮೇಲೆ ಎಲ್ಲರೂ ಅವಸರ ಮಾಡುವುದು ಇಲ್ಲೇ. ನೀನು ಮಾಡಬೇಡ. ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ಚೆನ್ನಾಗಿ ಉಜ್ಜು. ಹೊಸ ರಿಮ್‌ನ ಒಳಮುಖವನ್ನೂ ಉಜ್ಜು. ಯಾಕೆ ಅಂತ ಹೇಳುತ್ತೇನೆ. ಕಾರಿನ ಭಾರವನ್ನೆಲ್ಲ ಬೋಲ್ಟ್‌ಗಳು ಹೊರುತ್ತವೆ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಹಾಗಲ್ಲ. ನಟ್ ಬಿಗಿದಾಗ ಬೋಲ್ಟ್ ತುಸು ಹಿಗ್ಗುತ್ತದೆ, ಸ್ಪ್ರಿಂಗಿನಂತೆ. ಹಿಗ್ಗಿದ್ದು ಮತ್ತೆ ಕುಗ್ಗಲು ನೋಡುತ್ತಾ ರಿಮ್ಮನ್ನು ಹಬ್‌ಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಎರಡು ಲೋಹದ ಮುಖಗಳ ನಡುವೆ ಹುಟ್ಟುವ ಘರ್ಷಣೆಯೇ ಚಕ್ರವನ್ನು ಅಲ್ಲಾಡದಂತೆ ಇಡುವುದು. ಈಗ ನಡುವೆ ತುಕ್ಕಿನ ಪದರ ಇದೆ ಅಂದುಕೋ. ಬಿಗಿದಾಗ ಸರಿಯಾಗೇ ಕಾಣುತ್ತದೆ. ನಾಲ್ಕು ದಿನ ಓಡಿದ ಮೇಲೆ ಆ ತುಕ್ಕು ಪುಡಿಯಾಗಿ ಉದುರುತ್ತದೆ. ಪದರ ತೆಳುವಾದಷ್ಟು ಬೋಲ್ಟ್‌ನ ಹಿಗ್ಗು ಹೋಯಿತು, ಹಿಡಿತವೂ ಹೋಯಿತು, ನಟ್ ಸಡಿಲ. ಬಿಗಿಯುವಾಗ ತಪ್ಪು ಮಾಡದಿದ್ದರೂ ಚಕ್ರ ಸಡಿಲವಾಗುವುದು ಹೀಗೆ.

ಚಕ್ರ ಮತ್ತೆ ಅಂಟಿಕೊಳ್ಳದಿರಲಿ ಅಂತ ಕೆಲವರು ಹಬ್‌ಗೆ ಗ್ರೀಸ್ ಬಳಿಯುತ್ತಾರೆ. ನನಗೆ ಅದು ಇಷ್ಟವಿಲ್ಲ, ಉಜ್ಜಿದರೆ ಸಾಕು. ಬೋಲ್ಟ್‌ನ ಸುತ್ತುಗಳಿಗಂತೂ ಎಣ್ಣೆ, ಗ್ರೀಸ್ ಸೋಕಿಸಲೇಬೇಡ. ಜಾರಿಕೆ ಇದ್ದರೆ ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಹಿಗ್ಗುತ್ತದೆ, ರೆಂಚ್ ತೋರಿಸುವ ಲೆಕ್ಕ ಸುಳ್ಳಾಗುತ್ತದೆ.

ಚಕ್ರ ಇಲ್ಲದ ಆ ಹೊತ್ತಿನಲ್ಲಿ ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ, ಡಿಸ್ಕ್‌ನಲ್ಲಿ ಗೀರು ಬಿದ್ದಿದೆಯಾ, ರಬ್ಬರ್ ಕವರ್ ಎಲ್ಲಾದರೂ ಹರಿದಿದೆಯಾ ಅಂತ ನೋಡು. ಇಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆ ದಿನ ಸಿಗುವುದಿಲ್ಲ.

ಹಾಕುವಾಗ ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಅದು ಕಾರು ಮುಂದೆ ಹೋಗುವಾಗ ಉರುಳುವ ಕಡೆಗೇ ಇರಬೇಕು. ಕಾರಿನ ಎಡಕ್ಕೆ ಹಾಕಬೇಕಾದ್ದನ್ನು ಬಲಕ್ಕೆ ಹಾಕಿದರೆ ಬಾಣ ಹಿಂದೆ ತಿರುಗಿರುತ್ತದೆ. ನಟ್‌ಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸು. ಎರಡು ಮೂರು ಸುತ್ತು ಸಲೀಸಾಗಿ ಹೋಗಬೇಕು. ಸಿಕ್ಕಿಕೊಂಡರೆ ಬಲ ಹಾಕಬೇಡ, ಬಿಚ್ಚಿ ಮತ್ತೆ ಕೂರಿಸು. ಹಬ್‌ನಲ್ಲಿ ನಟ್ ಹಾಕುವ ಕಡ್ಡಿಗಳಿಲ್ಲದೆ ಬೋಲ್ಟ್ ಹಾಕುವ ಬರೀ ತೂತು ಇರುವ ಕಾರಾದರೆ ಚಕ್ರವನ್ನು ಎತ್ತಿ ಹಿಡಿದುಕೊಂಡೇ ತೂತು ಹೊಂದಿಸಬೇಕು. ಅದಕ್ಕೆ ಅಂತಲೇ ಒಂದು ಉದ್ದನೆಯ ಪಿನ್ ಸಿಗುತ್ತದೆ. ಅದನ್ನು ಮೇಲಿನ ತೂತಿಗೆ ಸಿಕ್ಕಿಸಿದರೆ ಚಕ್ರ ಅದರ ಮೇಲೆ ತೂಗುತ್ತದೆ, ಕೈಗೆ ಬಿಡುವು.

ಎಲ್ಲ ನಟ್‌ಗಳನ್ನೂ ಸಾಧಾರಣ ಬಿಗಿ ಮಾಡಿ, ಟೈರ್ ನೆಲಕ್ಕೆ ತಾಗುವಷ್ಟು ಇಳಿಸಿ, ಆಮೇಲೆ ಟಾರ್ಕ್ ರೆಂಚ್ ತೆಗೆದುಕೋ. ಒಂದರ ಪಕ್ಕದ್ದನ್ನು ಬಿಗಿಯುತ್ತಾ ಸುತ್ತು ಬರಬೇಡ. ಒಂದು ಬಿಗಿದರೆ ಮುಂದಿನದು ಅದರ ಎದುರಿನದು. ಐದು ನಟ್ ಇದ್ದರೆ ನಕ್ಷತ್ರ ಬರೆದ ಹಾಗೆ ಹೋಗು. ಆಗಲೇ ರಿಮ್ ಎಲ್ಲ ಕಡೆಯಿಂದ ಸಮನಾಗಿ ಕೂರುವುದು. ಎಷ್ಟು ಬಿಗಿ ಅನ್ನುವುದು ಒಂದೊಂದು ಕಾರಿಗೆ ಒಂದೊಂದು. ಸಾಮಾನ್ಯ ಕಾರುಗಳಿಗೆ ಹೆಚ್ಚಾಗಿ 80ರಿಂದ 140 ನ್ಯೂಟನ್ ಮೀಟರ್ ಒಳಗೆ ಇರುತ್ತದೆ, ನಿನ್ನದರ ಲೆಕ್ಕ ಮ್ಯಾನ್ಯುಯಲ್‌ನಲ್ಲಿದೆ. 120 ಅಂದರೆ ಅರ್ಧ ಮೀಟರ್ ಉದ್ದದ ಹಿಡಿಯ ತುದಿಯನ್ನು ಸುಮಾರು 24 ಕೆಜಿ ತೂಕದಷ್ಟು ಒತ್ತುವುದು. ನಿನ್ನ ಕೈಗೆ ಅದು ಆರಾಮಾಗಿ ಆಗುತ್ತದೆ. ಸ್ಪ್ಯಾನರ್ ಮೇಲೆ ಹತ್ತಿ ನಿಂತು ಬಿಗಿಯುವವರನ್ನು ನೋಡಿರುತ್ತೀಯ. ಅದು ಭದ್ರ ಅಲ್ಲ. ಅಳತೆ ಮೀರಿ ಹಿಗ್ಗಿದ ಬೋಲ್ಟ್ ಮತ್ತೆ ಕುಗ್ಗುವುದಿಲ್ಲ, ಒತ್ತಿ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ರೆಂಚ್ ಟಕ್ ಅಂದ ಕೂಡಲೇ ನಿಲ್ಲಿಸು. ಇನ್ನೊಂದು ಸ್ವಲ್ಪ ಇರಲಿ ಅಂತ ಎಳೆಯಬೇಡ. ಎಲ್ಲ ಮುಗಿದ ಮೇಲೆ ರೆಂಚನ್ನು ಅದರ ಕಡಿಮೆ ಅಂಕಿಗೆ ಇಳಿಸಿ ಇಡು.

ಗಾಳಿ ಮರೆಯಬೇಡ. ತಾಪಮಾನ 10 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ. ಬೆಚ್ಚಗಿನ ಗ್ಯಾರೇಜಿನಲ್ಲಿ ಸರಿಯಾಗಿ ಗಾಳಿ ಹೊಡೆದಿದ್ದರೂ ಹೊರಗೆ ಹೋದರೆ ಕಮ್ಮಿಯಾಗುತ್ತದೆ. ಬೆಳಿಗ್ಗೆ ಕಾರು ಓಡಿಸುವ ಮುನ್ನ, ಟೈರ್ ತಣ್ಣಗಿರುವಾಗ ನೋಡು. ಡ್ಯಾಷ್‌ಬೋರ್ಡಿನಲ್ಲಿ ಟೈರಿನ ದೀಪ ಹತ್ತಿದರೆ ಗಾಬರಿಯಾಗಬೇಡ. ಕೆಲವು ಕಾರುಗಳಲ್ಲಿ ಪ್ರತಿ ಚಕ್ರದೊಳಗೂ ಸೆನ್ಸರ್ ಇರುತ್ತದೆ, ಹೊಸ ಚಕ್ರಗಳ ಸೆನ್ಸರ್ ಕಾರಿಗೆ ಪರಿಚಯವಾಗಬೇಕು. ಇನ್ನು ಕೆಲವು ಚಕ್ರ ತಿರುಗುವ ವೇಗದಿಂದಲೇ ಲೆಕ್ಕ ಹಾಕುತ್ತವೆ, ಅವಕ್ಕೆ ಮೆನುವಿನಲ್ಲಿ ರಿಸೆಟ್ ಒತ್ತಿದರೆ ಆಯಿತು. ಗಾಳಿ ಸರಿ ಇದೆಯಾ ಅಂತ ಗೇಜ್‌ನಲ್ಲಿ ನೋಡದೆ ಮಾತ್ರ ರಿಸೆಟ್ ಒತ್ತಬೇಡ.

ತೆಗೆದ ಬೇಸಿಗೆ ಚಕ್ರಗಳ ಮೇಲೆ ಮುಂದಿನ ಎಡ, ಹಿಂದಿನ ಬಲ ಅಂತ ಸೀಮೆಸುಣ್ಣದಲ್ಲಿ ಬರೆದುಬಿಡು. ತೊಳೆದು, ಒಣಗಿಸಿ, ಬಿಸಿಲು ಬೀಳದ ತಂಪು ಜಾಗದಲ್ಲಿ ಒಂದರ ಮೇಲೊಂದು ಪೇರಿಸಿಡು. ರಿಮ್ ಸಮೇತ ಇರುವುದರಿಂದ ಏನೂ ಆಗುವುದಿಲ್ಲ.

50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಕ್ ರೆಂಚ್ ಹಿಡಿದು ನಾಲ್ಕೂ ಚಕ್ರಗಳ ಪ್ರತಿ ನಟ್ಟನ್ನೂ ಮತ್ತೆ ಪರೀಕ್ಷಿಸು. ಯಾವುದಾದರೂ ಒಂದು ಚಕ್ರದ ನಟ್‌ಗಳು ಮತ್ತೆ ತಿರುಗಿದರೆ ಬರೀ ಬಿಗಿದು ಸುಮ್ಮನಾಗಬೇಡ, ಅದನ್ನು ಬಿಚ್ಚಿ ಹಬ್ ಇನ್ನೊಮ್ಮೆ ಉಜ್ಜು. ಓಡಿಸುವಾಗ ಸ್ಟೀರಿಂಗ್ ನಡುಗಿದರೆ, ಟಕಟಕ ಸದ್ದು ಬಂದರೆ, ಮನೆ ತಲುಪಲಿ ಅಂತ ಕಾಯದೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ನೋಡು. ರೆಂಚ್ ಆ ವಾರ ಡಿಕ್ಕಿಯಲ್ಲೇ ಇರಲಿ.

ಶುರು ಮಾಡುವ ಮೊದಲು ಮ್ಯಾನ್ಯುಯಲ್‌ನ ಎರಡು ಪುಟಗಳ ಫೋಟೋ ನನಗೆ ಕಳಿಸು, ಟಾರ್ಕ್ ಬರೆದಿರುವುದು ಮತ್ತು ಜ್ಯಾಕ್ ಇಡುವ ಜಾಗದ್ದು. ಜೊತೆಗೆ ಆ ರಿಮ್‌ನ ತೂತು ಮತ್ತು ನಟ್‌ನ ಹತ್ತಿರದ ಫೋಟೋ. ಎರಡೂ ಹೊಂದುತ್ತವಾ ಅಂತ ಇಬ್ಬರೂ ನೋಡಿ ಆಮೇಲೆ ಜ್ಯಾಕ್ ತೆಗೆಯೋಣ.

ನಿನ್ನ
ಅಮ್ಮ