ಮೇನ್‌ಫ್ರೇಮ್ ಆಯಸ್ಸಿನ ಲೆಕ್ಕ ಖರೀದಿಯ ದಿನದಿಂದಲ್ಲ

ಮಾನ್ಯ ಸಂಪಾದಕರೇ,

ಬ್ಯಾಂಕುಗಳ ಮತ್ತು ವಿಮಾ ಕಂಪನಿಗಳ ಲೆಕ್ಕಪತ್ರಗಳನ್ನು ನಿಭಾಯಿಸುವ ಮೇನ್‌ಫ್ರೇಮ್ ಕಂಪ್ಯೂಟರ್‌ಗಳ ಆಯಸ್ಸನ್ನು ಅಂದಾಜು ಮಾಡುವಾಗ, ಯಂತ್ರ ಕೆಡದೆ ಎಷ್ಟು ವರ್ಷ ನಡೆದೀತು ಎಂಬ ಒಂದೇ ಪ್ರಶ್ನೆಯನ್ನು ಕೇಳುವುದು ಸಾಲದು. ಯಂತ್ರ ನಡೆಯುವುದು ಬೇರೆ, ಅದಕ್ಕೆ ತಯಾರಕರ ಬೆಂಬಲವಿರುವುದು ಬೇರೆ, ಅದನ್ನು ಮುಂದಿನ ಮಾದರಿಗೆ ಏರಿಸಲು ಅವಕಾಶವಿರುವುದು ಮತ್ತೂ ಬೇರೆ.

ಐಬಿಎಂ ಕಂಪನಿಯ ಜೆಡ್ ಸರಣಿಯನ್ನೇ ನೋಡೋಣ. 2000ದ ಜೆಡ್-900ರಿಂದ 2025ರ ಜೆಡ್-17ರವರೆಗೆ ಸರಾಸರಿ ಎರಡೂವರೆ ವರ್ಷಕ್ಕೊಂದು ಹೊಸ ತಲೆಮಾರು ಬಂದಿದೆ. 2005ರ ಜೆಡ್-9ರ ಸರ್ವಿಸ್ 2017ರಲ್ಲಿ ನಿಂತಿತು, 2008ರ ಜೆಡ್-10ರದ್ದು 2019ರ ಕೊನೆಗೆ. ಅಂದರೆ ಮಾದರಿ ಬಿಡುಗಡೆಯಾದ ಮೇಲೆ ಸುಮಾರು ಹನ್ನೆರಡು ವರ್ಷ ಬಿಡಿಭಾಗಗಳೂ ದುರಸ್ತಿಯೂ ದೊರೆಯುತ್ತವೆ ಎಂದು ಎಣಿಸಬಹುದು. ಗಮನಿಸಬೇಕಾದದ್ದೆಂದರೆ, ಈ ಗಡಿಯಾರ ಮಾದರಿ ಬಿಡುಗಡೆಯಾದಂದೇ ಓಡತೊಡಗುತ್ತದೆ, ನಾವು ಹಣ ಕೊಟ್ಟ ದಿನದಿಂದಲ್ಲ.

ಏರಿಕೆಯ ಬಾಗಿಲು ಇದಕ್ಕಿಂತ ಬಹಳ ಮೊದಲೇ ಮುಚ್ಚುತ್ತದೆ. ಇರುವ ಯಂತ್ರದ ಸೀರಿಯಲ್ ಸಂಖ್ಯೆಯನ್ನು ಉಳಿಸಿಕೊಂಡು ಹೊಸ ಮಾದರಿಗೆ ಹೋಗುವ ಸೌಲಭ್ಯ ಸಾಮಾನ್ಯವಾಗಿ ಹಿಂದಿನ ಎರಡು ತಲೆಮಾರುಗಳಿಗೆ ಮಾತ್ರ ಸಿಗುತ್ತದೆ. ಜೆಡ್-17ಕ್ಕೆ ಏರಬಹುದಾದವು ಜೆಡ್-15 ಮತ್ತು ಜೆಡ್-16 ಮಾತ್ರ. 2017ರ ಜೆಡ್-14 ಇಟ್ಟುಕೊಂಡವರಿಗೆ ಆ ದಾರಿಯಿಲ್ಲ. ತಂತ್ರಾಂಶದ ಪರವಾನಗಿಗಳೂ ಆಸ್ತಿ ದಾಖಲೆಯೂ ಈ ಸಂಖ್ಯೆಗೇ ಅಂಟಿಕೊಂಡಿರುವುದರಿಂದ ಇದು ಸಣ್ಣ ವಿಷಯವಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಆಪರೇಟಿಂಗ್ ಸಿಸ್ಟಂನ ಗಡುವು. ಈ ಯಂತ್ರಗಳ ಮುಖ್ಯ ಆಪರೇಟಿಂಗ್ ಸಿಸ್ಟಂ ಆದ ಜೆಡ್ ಓಎಸ್‌ನ ಹೊಸ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಪ್ರತಿಯೊಂದಕ್ಕೂ ಐದು ವರ್ಷಗಳ ಬೆಂಬಲವಿರುತ್ತದೆ, ಆಮೇಲೆ ಬೇಕೆಂದರೆ ಹೆಚ್ಚುವರಿ ಶುಲ್ಕ ತೆರಬೇಕು. ಆದರೆ ಹೊಸ ಆವೃತ್ತಿ ಹಳೆಯ ಯಂತ್ರದ ಮೇಲೆ ಏಳುವುದೇ ಇಲ್ಲ. 2023ರ 3.1 ಆವೃತ್ತಿಗೆ ಕನಿಷ್ಠ ಜೆಡ್-14 ಬೇಕು, 2025ರ 3.2ಕ್ಕೆ ಕನಿಷ್ಠ ಜೆಡ್-15. ಹಾಗಾಗಿ ಜೆಡ್-14ರ ಪಾಲಿಗೆ 3.1 ಆವೃತ್ತಿಯೇ ಕೊನೆಯದು, ಅದರ ಸಾಮಾನ್ಯ ಬೆಂಬಲ 2028ಕ್ಕೆ ಮುಗಿಯುತ್ತದೆ. ಮಾದರಿ ಬಂದ 2017ರಿಂದ ಲೆಕ್ಕ ಹಾಕಿದರೆ ಹನ್ನೊಂದು ವರ್ಷವಾಯಿತು. ಆದರೆ ಅದೇ ಯಂತ್ರವನ್ನು ಅಗ್ಗವೆಂದು 2024ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಸಂಸ್ಥೆಗೆ ಉಳಿಯುವುದು ಕೇವಲ ನಾಲ್ಕು ವರ್ಷ, ಅದೂ ಭದ್ರತಾ ತಿದ್ದುಪಡಿಗಳು ನಿಂತ ಮೇಲೆ ಜನರ ಹಣದ ವ್ಯವಹಾರವನ್ನು ಅದರ ಮೇಲೆ ನಡೆಸಲಾಗದು ಎಂಬ ಎಚ್ಚರದೊಂದಿಗೆ.

ತಯಾರಕರೇ ಹಿಂದೆ ಸರಿದರೆ ಈ ಲೆಕ್ಕವೂ ನಿಲ್ಲದು. ಜಪಾನಿನ ಫುಜಿತ್ಸು ತನ್ನ ಮೇನ್‌ಫ್ರೇಮ್ ಮಾರಾಟವನ್ನು 2030ರಲ್ಲಿ, ಬೆಂಬಲವನ್ನು 2035ರಲ್ಲಿ ನಿಲ್ಲಿಸುವುದಾಗಿ 2022ರಲ್ಲೇ ತಿಳಿಸಿತು. ಅಷ್ಟು ಮುಂಚೆ ಹೇಳಿದ್ದು ಮೆಚ್ಚತಕ್ಕದ್ದೇ. ಆದರೂ ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದಶಕಗಳಿಂದ ಬೆಳೆದ ಪ್ರೋಗ್ರಾಂಗಳನ್ನು ಬೇರೆಡೆಗೆ ಸಾಗಿಸುವವರಿಗೆ ಹದಿಮೂರು ವರ್ಷವೂ ದೊಡ್ಡ ಅವಧಿಯಲ್ಲ.

ಬೆಂಗಳೂರಿನಲ್ಲಿ ಕುಳಿತು ಹೊರದೇಶಗಳ ಬ್ಯಾಂಕುಗಳ ಮೇನ್‌ಫ್ರೇಮ್‌ಗಳನ್ನು ನೋಡಿಕೊಳ್ಳುವ ಎಂಜಿನಿಯರ್‌ಗಳಿಗೆ ಈ ದಿನಾಂಕಗಳು ಬಾಯಿಪಾಠವಾಗಿರುತ್ತವೆ. ಖರೀದಿಗೆ ಸಹಿ ಹಾಕುವವರ ಮೇಜಿಗೂ ಅವು ತಲುಪಬೇಕು. ಸಾರ್ವಜನಿಕ ಹಣದಿಂದ ಮೇನ್‌ಫ್ರೇಮ್ ಕೊಳ್ಳುವ ಅಥವಾ ಗುತ್ತಿಗೆಗೆ ಪಡೆಯುವ ಪ್ರತಿ ಟೆಂಡರಿನಲ್ಲೂ ಮಾದರಿ ಬಿಡುಗಡೆಯಾದ ದಿನ, ಅದು ಮುಂದೆ ಯಾವ ಮಾದರಿಯವರೆಗೆ ಏರಬಲ್ಲದು, ಅದರ ಮೇಲೆ ನಡೆಯುವ ಕೊನೆಯ ಆಪರೇಟಿಂಗ್ ಸಿಸ್ಟಂ ಆವೃತ್ತಿಯ ಬೆಂಬಲ ಎಂದು ಮುಗಿಯುತ್ತದೆ ಎಂಬ ವಿವರಗಳನ್ನು ಕಡ್ಡಾಯವಾಗಿ ನಮೂದಿಸುವಂತೆ ಸಂಬಂಧಪಟ್ಟವರು ನಿಯಮ ರೂಪಿಸಬೇಕೆಂದು ವಿನಂತಿಸುತ್ತೇನೆ.

— ನಿವೃತ್ತ ಸಿಸ್ಟಂ ಪ್ರೋಗ್ರಾಮರ್, ಬೆಂಗಳೂರು