ಜಪಾನಿಗೆ ಹೊರಟವರು ವಿಮೆಯನ್ನೂ ಕೇಳಿಕೊಳ್ಳಲಿ

ಮಾನ್ಯರೇ,

ಜಪಾನಿನ ಕೆಲಸವೆಂದರೆ ನಮ್ಮಲ್ಲಿ ಸಂಬಳ ಮತ್ತು ಭಾಷಾ ಪರೀಕ್ಷೆಯ ಮಾತೇ ಹೆಚ್ಚು. ಅಲ್ಲಿನ ಕಾರ್ಮಿಕ ವಿಮೆ ನೆನಪಾಗುವುದು ಕೈ ಮುರಿದುಕೊಂಡ ಮೇಲೆ.

ಅಪಘಾತದ ವಿಮೆಗೆ ‘ರೋಸಾಯ್’ ಎನ್ನುತ್ತಾರೆ. ಅದರ ಕಂತು ಪೂರ್ತಿ ಮಾಲೀಕನದು. ಸಂಬಳದ ಚೀಟಿಯಲ್ಲಿ ಅದಕ್ಕೆಂದು ಒಂದು ಯೆನ್ ಕಡಿತವಾದರೂ ತಪ್ಪು. ವಿದೇಶಿಯರಿಗೂ, ಅರೆಕಾಲಿಕರಿಗೂ ಅನ್ವಯ. ಮಾಲೀಕ ನೋಂದಾಯಿಸಿರದಿದ್ದರೂ ಪರಿಹಾರವಿದೆ.

ಎಡವಟ್ಟಾಗುವುದು ಆಸ್ಪತ್ರೆಯ ಕೌಂಟರಿನಲ್ಲಿ. ಗಾಯಾಳು ಮಾಮೂಲಿ ಆರೋಗ್ಯ ವಿಮೆ ತೋರಿಸಿ ಶೇ 30ರಷ್ಟು ಬಿಲ್ ಕಟ್ಟಿಬಿಡುತ್ತಾನೆ. ಕೆಲಸದ ಗಾಯಕ್ಕೆ ಆ ವಿಮೆ ಸಲ್ಲದು. ಕೆಲಸದಲ್ಲಾದ ಗಾಯವೆಂದು ಮೊದಲೇ ಹೇಳಿ, ರೋಸಾಯ್ ಮಾನ್ಯತೆಯ ಆಸ್ಪತ್ರೆಗೆ 5ನೇ ನಮೂನೆಯ ಅರ್ಜಿ ಕೊಟ್ಟರೆ ಚಿಕಿತ್ಸೆಗೆ ದುಡ್ಡು ಕಟ್ಟಬೇಕಿಲ್ಲ. ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಬಿದ್ದರೆ ನಮೂನೆ ಬೇರೆ. ಗಾಯದಿಂದ ಹಾಕಿದ ರಜೆಯ 4ನೇ ದಿನದಿಂದ ಸರಾಸರಿ ದಿನಗೂಲಿಯ ಶೇ 60, ಮೇಲೆ ವಿಶೇಷ ಭತ್ಯೆ ಶೇ 20 ಬರುತ್ತದೆ. ಮಾಲೀಕ ಸಹಿಗೆ ಸತಾಯಿಸಿದರೆ ಕಾರ್ಮಿಕ ತಪಾಸಣಾ ಕಚೇರಿಗೆ ನೇರವಾಗಿ ಸಲ್ಲಿಸಬಹುದು. ಈ ಅರ್ಜಿಗಳಿಗೆ 2 ವರ್ಷದ ಗಡುವಿದೆ.

ನಿರುದ್ಯೋಗ ವಿಮೆಗೆ ಸದ್ಯ ವಾರಕ್ಕೆ 20 ಗಂಟೆ ಕೆಲಸವಿರಬೇಕು. ಅರೆಕಾಲಿಕರು ಹೆಚ್ಚಿರುವುದರಿಂದ 2028ರ ಅಕ್ಟೋಬರ್‌ನಿಂದ 10 ಗಂಟೆ ಸಾಕು. ಕೆಲಸ ಬಿಟ್ಟಾಗ ‘ರಿಶೋಕುಹ್ಯೋ’ ಎಂಬ, ಕೆಲಸ ಬಿಟ್ಟ ಕಾರಣ ತಿಳಿಸುವ ಪತ್ರ ಕೇಳಿ ಪಡೆಯಿರಿ. ಕಂಪನಿಯೇ ತೆಗೆದುಹಾಕಿದ್ದರೂ ಅದರಲ್ಲಿ ‘ಸ್ವಂತ ಕಾರಣ’ ಎಂದಿದ್ದರೆ ಭತ್ಯೆ ಒಂದು ತಿಂಗಳು ತಡೆಯಾಗುತ್ತದೆ. ಹಾಗಿದ್ದರೆ ‘ಹಲೋ ವರ್ಕ್’ ಎಂಬ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ ಆಕ್ಷೇಪಿಸಿ.

2016ರಿಂದ ಜಾರಿಯಲ್ಲಿರುವ ಭಾರತ–ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ ಪಿಂಚಣಿಗೆ ಸಂಬಂಧಿಸಿದ್ದು, ಈ ವಿಮೆಗಳಿಗಲ್ಲ. ಹೊರಡುವ ಮುನ್ನ ಕೊಡುವ ತರಬೇತಿಯಲ್ಲಿ ಆ 5ನೇ ನಮೂನೆಯನ್ನು ಒಮ್ಮೆ ತುಂಬಿಸಿ ತೋರಿಸಲಿ.

– ಓದುಗರು, ಬೆಂಗಳೂರು