ಹಿನ್ನೀರಿಗೆ ಒಬ್ಬರೇ ಇಳಿಯುವವರ ಲೆಕ್ಕ ದಂಡೆಯಲ್ಲಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಆಲಮಟ್ಟಿ ಹಿನ್ನೀರಿನಲ್ಲಿ ದೋಣಿ ವಿಹಾರ, ಜಲಕ್ರೀಡೆ ಆರಂಭವಾಗಬೇಕೆಂಬ ಮಾತು ನಮ್ಮ ಭಾಗದಲ್ಲಿ ಆಗಾಗ ಕೇಳಿಬರುತ್ತದೆ. ಆರಂಭವಾದರೆ ಸಂತೋಷವೇ. ಆದರೆ ಯಂತ್ರದ ದೋಣಿಗಳು ಬರುವುದಕ್ಕೆ ಮೊದಲು, ಹುಟ್ಟು ಹಾಕುತ್ತ ಒಬ್ಬರೇ ನೀರಿಗಿಳಿಯುವವರಿಗಾಗಿ ಒಂದು ಸಣ್ಣ ವ್ಯವಸ್ಥೆ ಆಗಬೇಕು. ಯಾರು ಹೋದರು, ಯಾವ ದಂಡೆಯಿಂದ ಹೋದರು, ಯಾವ ಹೊತ್ತಿಗೆ ಮರಳಬೇಕು ಎಂಬುದನ್ನು ಬರೆದಿಡುವ ಒಂದು ಪುಸ್ತಕ, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ ದಂಡೆಯ ಮೇಲಿರಬೇಕು. ಜಿಲ್ಲಾಡಳಿತವನ್ನು ಇದನ್ನೇ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ನಿವೃತ್ತ ಶಿಕ್ಷಕ. ಘಟಪ್ರಭೆಯ ದಂಡೆಯಲ್ಲಿದ್ದ ನಮ್ಮ ಹೊಲ ಈಗ ನೀರಿನಡಿ ಇದೆ. ಎಳವೆಯಲ್ಲಿ ಅಪ್ಪನ ಜೊತೆ ಕುಳಿತು ಎರೆಹುಳು ಸಿಕ್ಕಿಸಿ ಗಾಳ ಹಾಕಿದ ನೆನಪು ನನ್ನನ್ನು ಬಿಟ್ಟಿಲ್ಲ. ಹೀಗಾಗಿ ಕಳೆದ ಡಿಸೆಂಬರ್‌ನಲ್ಲಿ, ಹಳೆಯ ಶಿಷ್ಯನೊಬ್ಬ ಕೊಟ್ಟ 12 ಅಡಿಯ ಫೈಬರ್ ಕೆನೂ ಎಂಬ, ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿಯಲ್ಲಿ, ಘಟಪ್ರಭೆಯು ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದಿಂದ ಹೊರಟು ಕೊಲ್ಹಾರ ಸೇತುವೆಯ ದಿಕ್ಕಿಗೆ ಒಬ್ಬನೇ ಹೋದೆ. ಎರಡು ರಾತ್ರಿ ದಂಡೆಯಲ್ಲಿ ಡೇರೆ ಹಾಕಿ ಮೂರನೆಯ ದಿನ ಸಂಜೆಗೆ ಮರಳುವುದೆಂದು ಗೊತ್ತು ಮಾಡಿಕೊಂಡಿದ್ದೆ. ಹೊರಡುವ ಮುನ್ನ ಯಾರಿಗೆ ತಿಳಿಸಬೇಕೆಂದು ಕೇಳಲು ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಹೋಗಿರೆಂದರು, ಅಲ್ಲಿಂದ ಮತ್ತೊಂದಕ್ಕೆ. ಕೊನೆಗೆ ಪರವಾನಗಿ ಇರುವ ಮೀನುಗಾರರ ಒಪ್ಪಿಗೆ ಪಡೆದು, ಅವರಲ್ಲಿ ಹಿರಿಯರೊಬ್ಬರಿಗೆ ಮರಳುವ ಹೊತ್ತು ಹೇಳಿ ನೀರಿಗಿಳಿದೆ. ಅವರು ಒಂದೇ ಮಾತು ಹೇಳಿದರು: “ಗಾಳಿ ಎದ್ದಿತಂದ್ರ ನಡುನೀರಿಗೆ ಹೋಗಬ್ಯಾಡ್ರಿ ಮಾಸ್ತರ, ದಂಡಿ ಹಿಡದ ಬರ್ರಿ.”

ಮೊದಲೆರಡು ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಾಳಕ್ಕೆ ಬಿದ್ದ ಒಂದೆರಡು ಜಿಲೇಬಿ ಮೀನು, ಬೆಳಗಿನ ಮಂಜಿನಲ್ಲಿ ಕೂಗುತ್ತ ಇಳಿದ ಪಟ್ಟೆತಲೆ ಹೆಬ್ಬಾತುಗಳ ಹಿಂಡು, ಇವಿಷ್ಟು ಸಾಕಿತ್ತು. ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ಮರಳ ದಿಬ್ಬವನ್ನು ಬಿಟ್ಟು, ನೀರಿನಿಂದ ದೂರ ಎತ್ತರದ ಹೊಲದ ಬದುವಿನ ಮೇಲೆ, ಹೊಲದವರನ್ನು ಕೇಳಿಯೇ ಡೇರೆ ಹಾಕಿದ್ದೆ.

ಮೂರನೆಯ ದಿನ ಮಧ್ಯಾಹ್ನ ಮೂಡಗಾಳಿ ಎದ್ದಿತು. ನಾನು ಪೂರ್ವಕ್ಕೆ ಬರುತ್ತಿದ್ದುದರಿಂದ ಗಾಳಿ ನೇರ ಎದುರಿಗಿತ್ತು. ಒಬ್ಬರೇ ಕೂರುವ ಕೆನೂವಿನಲ್ಲಿ ಮುಂಭಾಗಕ್ಕೆ ಭಾರ ಇಡಬೇಕು. ಇಲ್ಲವಾದರೆ ಮೂತಿ ಮೇಲೆದ್ದು ಗಾಳಿ ಅದನ್ನು ಅಡ್ಡಕ್ಕೆ ತಿರುಗಿಸುತ್ತದೆ. ಇದು ಗೊತ್ತಿದ್ದೂ, ದೋಣಿ ಹಗುರವಾಗಲೆಂದು ಮುಂದಿಟ್ಟಿದ್ದ ಎರಡು ಕ್ಯಾನುಗಳ ನೀರನ್ನು ಬೆಳಿಗ್ಗೆ ಚೆಲ್ಲಿಬಿಟ್ಟಿದ್ದೆ. ಅದು ನನ್ನದೇ ತಪ್ಪು. ಅಡ್ಡ ತಿರುಗಿದ ದೋಣಿಯನ್ನು ಗಾಳಿ ಮುಳುಗಿದ ಜಾಲಿ ಗಿಡಗಳ ನಡುವೆ ನೂಕಿತು. ಮುಂದಿನ ಕ್ಷಣ ಹುಟ್ಟು ಯಾವುದಕ್ಕೋ ಸಿಕ್ಕಿಬಿತ್ತು. ಎತ್ತಿ ನೋಡಿದರೆ ಯಾರೋ ಬಿಟ್ಟುಹೋದ ನೈಲಾನ್ ಬಲೆ. ಪಾಚಿ ಹಿಡಿದು ಹಸಿರಾಗಿತ್ತು, ಆದರೆ ಒಂದೆಳೆಯೂ ಕೊಳೆತಿರಲಿಲ್ಲ. ಅದರ ಕಣ್ಣಿನಲ್ಲಿ ಕುತ್ತಿಗೆ ಸಿಕ್ಕಿಸಿಕೊಂಡು ಸತ್ತ ಒಂದು ನೀರುಕಾಗೆ, ಅದರ ಪಕ್ಕದಲ್ಲಿ ಬರೀ ಮುಳ್ಳು ಉಳಿದಿದ್ದ ಮೀನುಗಳು. ಕೊಯ್ಯಲೆಂದು ಬಾಗಿದಾಗ ದೋಣಿ ವಾಲಿ ನೀರು ಒಳನುಗ್ಗಿತು, ಮೊಬೈಲ್ ನೆನೆದು ನಿಂತುಹೋಯಿತು. ಲೈಫ್ ಜಾಕೆಟ್ ಹಾಕಿಕೊಂಡಿದ್ದೆ. ಹೇಗೋ ಬಲೆ ಹರಿದು, ನನ್ನದಲ್ಲದ ದಂಡೆಯನ್ನು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಒದ್ದೆ ಬಟ್ಟೆಯಲ್ಲೇ ರಾತ್ರಿ ಕಳೆದೆ.

ಬೆಳಕು ಹರಿಯುವ ಮೊದಲೇ ಆ ಹಿರಿಯ ಮೀನುಗಾರರು ಮಗನೊಂದಿಗೆ ದೋಣಿಯಲ್ಲಿ ಹುಡುಕುತ್ತ ಬಂದರು. ಸಂಜೆಗೆ ಬರುತ್ತೇನೆಂದವನು ಬಂದಿಲ್ಲವೆಂಬುದು ಅವರೊಬ್ಬರಿಗೇ ಗೊತ್ತಿತ್ತು. ಅವರು ಆ ದಿನ ಊರಿನಲ್ಲಿ ಇರದಿದ್ದರೆ ನನ್ನ ಲೆಕ್ಕ ಯಾರ ಬಳಿಯೂ ಇರುತ್ತಿರಲಿಲ್ಲ.

ಅಮೆರಿಕದ ಮಿನ್ನೆಸೋಟ ರಾಜ್ಯದ ಬೌಂಡರಿ ವಾಟರ್ಸ್ ಎಂಬ ಕಾಡು-ಕೆರೆಗಳ ಪ್ರದೇಶಕ್ಕೆ ಕೆನೂ ಒಯ್ಯುವವರು ರಾತ್ರಿ ತಂಗಲು ಪರವಾನಗಿ ಚೀಟಿ ಪಡೆಯಲೇಬೇಕು. ಎಂದು, ಯಾವ ಕಡೆಯಿಂದ ನೀರಿಗಿಳಿಯುತ್ತಾರೆಂಬುದು ಅದರಲ್ಲಿರುತ್ತದೆ. ಒಂದು ಗುಂಪಿನಲ್ಲಿ 9 ಜನರಿಗಿಂತ, 4 ದೋಣಿಗಳಿಗಿಂತ ಹೆಚ್ಚು ಬಿಡುವುದಿಲ್ಲ, ಗಾಜಿನ ಬಾಟಲಿ ಒಯ್ಯುವಂತಿಲ್ಲ. ಅಷ್ಟೆಲ್ಲ ಇಲ್ಲಿ ಬೇಡ. ನಮ್ಮಲ್ಲಿ ಆ ಚೀಟಿಯನ್ನು ಮೀನುಗಾರರ ಸಹಕಾರ ಸಂಘಗಳೇ ಕೊಡಲಿ, ಅದಕ್ಕೊಂದು ಶುಲ್ಕವಿರಲಿ, ಆ ಹಣ ಅವರಿಗೇ ಸೇರಲಿ. ಈ ನೀರನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ. ಹೇಳಿದ ಹೊತ್ತಿಗೆ ಮರಳದವರ ಸುದ್ದಿಯನ್ನು ಸಂಘದವರು ಪೊಲೀಸ್ ಠಾಣೆಗೆ ಮುಟ್ಟಿಸಿದರೆ, ಕೇಳಿದವರು ಕೂಡಲೇ ಹೊರಡುವಂತೆ ಏರ್ಪಾಡಿರಬೇಕು.

ಇದರ ಜೊತೆಗೇ ಆಗಬೇಕಾದ ಇನ್ನೊಂದು ಕೆಲಸವಿದೆ. ಜಲಾಶಯ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದ ಮಟ್ಟಕ್ಕೆ ತುಂಬಿದಾಗ ಗಿಡಗಳ ಬೊಡ್ಡೆಗಳು ಆಳದಲ್ಲಿರುತ್ತವೆ. ಬೇಸಿಗೆಯಲ್ಲಿ ಕಣ್ಣಿಗೆ ಕಾಣುತ್ತವೆ. ನೀರು ಇಳಿಯುತ್ತ ಬರುವ ನಡುವಿನ ತಿಂಗಳುಗಳಲ್ಲಿ ಅವು ಗೇಣುದ್ದ ನೀರಿನ ಕೆಳಗೆ ಅಡಗಿ ಕೂತಿರುತ್ತವೆ, ಬಿಟ್ಟ ಬಲೆಗಳು ಸುತ್ತಿಕೊಳ್ಳುವುದೂ ಅವಕ್ಕೇ. ಬೇಸಿಗೆಯಲ್ಲಿ ಬಲೆಗಳನ್ನು ತೆಗೆಸಿ, ದೋಣಿ ಓಡಾಡುವ ಕಡೆಯ ಬೊಡ್ಡೆಗಳಿಗೆ ಬಣ್ಣದ ಗುರುತು ಹಾಕಿಸಬೇಕು. ಈ ಕೆಲಸದ ಕೂಲಿಯೂ ಮೀನುಗಾರರಿಗೇ ಸಿಗಬೇಕು. ಅಣೆಕಟ್ಟಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸುವ ಯೋಜನೆ ನಮ್ಮ ಮುಂದಿದೆ. ಹಾಗಾದ ದಿನ ಇನ್ನಷ್ಟು ಹೊಲ, ಇನ್ನಷ್ಟು ಗಿಡಗಳು ಮುಳುಗುತ್ತವೆ. ಈ ಸಲವಾದರೂ ನೀರು ಬರುವ ಮೊದಲೇ ಗಿಡಗಳನ್ನು ಬುಡಸಮೇತ ತೆಗೆಯುವ ಲೆಕ್ಕ ಅಂದಾಜುಪಟ್ಟಿಯಲ್ಲಿ ಸೇರಲಿ.

ಅಂದು ಹುಟ್ಟಿಗೆ ಸುತ್ತಿಕೊಂಡ ಬಲೆಯ ತುಂಡನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಹಿನ್ನೀರಿನ ಪ್ರವಾಸೋದ್ಯಮದ ಬಗ್ಗೆ ಜಿಲ್ಲಾಡಳಿತ ಸಭೆ ಕರೆದರೆ ಅದನ್ನು ತೆಗೆದುಕೊಂಡು ಬರುತ್ತೇನೆ. ನನ್ನನ್ನು ಹುಡುಕಿ ಬಂದ ಹಿರಿಯರೂ ಬರಲು ಒಪ್ಪಿದ್ದಾರೆ. ಬೊಡ್ಡೆಗಳು ಎಲ್ಲೆಲ್ಲಿವೆ ಎಂಬುದನ್ನು ಅವರು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಬಲ್ಲರು.

ನಿವೃತ್ತ ಶಿಕ್ಷಕ,
ನವನಗರ, ಬಾಗಲಕೋಟೆ